ಗಾಲಿಯಣ್ಣ ಹೆಂಡತಿಯ ಸೂಟ್‌ಕೇಸು ಓದಿದ್ದು

ನಮ್ಮ ಬೀದಿಯಲ್ಲಿ ಊರಿಗೆ ಹೊರಟವರು ಯಾರೇ ಇರಲಿ, ಬಸ್ ನಿಲ್ದಾಣ ಸೇರಬೇಕಾದರೆ ಗಾಲಿಯಣ್ಣನ ಅಂಗಡಿಯ ಮುಂದೆ ಹಾದೇ ಹೋಗಬೇಕು. ಎಳೆದುಕೊಂಡು ಹೋಗುವ ಸೂಟ್‌ಕೇಸಿನ ಗಾಲಿಗೆ ಒಂದು ದನಿ ಇರುತ್ತದೆ. ಆ ದನಿ ಕಿವಿಗೆ ಬಿದ್ದರೆ ಸಾಕು, ಅವನು ತಲೆ ಎತ್ತದೆ ಹೇಳುತ್ತಿದ್ದ.

“ಎಡಗಾಲಿ ಅಳ್ತಾ ಇದೆ. ಭಾರ ಎಲ್ಲ ಮೇಲಿಟ್ಟಿದೀರಿ. ಒಳಗೆ ಬನ್ನಿ.”

ಒಳಗೆ ಬರುವಷ್ಟು ಜಾಗ ಆ ಅಂಗಡಿಯಲ್ಲಿ ಇರಲಿಲ್ಲ ಅನ್ನುವುದು ಬೇರೆ ಮಾತು. ಒಂದು ಕಡೆ ಚಹಾದ ಅಂಗಡಿ, ಇನ್ನೊಂದು ಕಡೆ ಕೀಲಿಕೈ ಮಾಡುವವನ ಗೂಡು, ನಡುವೆ ಒಂದೂವರೆ ಬಾಗಿಲಿನ ಅಗಲಕ್ಕೆ ಇವನದು. ಗೋಡೆಯ ಮೊಳೆಗಳಿಗೆ ಹಳೆಯ ಗಾಲಿಗಳ ಸರ, ಡಬ್ಬಗಳಲ್ಲಿ ಹಿಡಿಕೆ, ಬೀಗ, ಜಿಪ್ಪಿನ ರನ್ನರು. ರಬ್ಬರು ಮತ್ತು ಅಂಟಿನ ವಾಸನೆ ಅವನ ಅಂಗಿಗೆ ಎಷ್ಟು ಹತ್ತಿತ್ತೆಂದರೆ ಒಗೆದರೂ ಹೋಗುತ್ತಿರಲಿಲ್ಲ. ಅಂಗಡಿಯ ಹಿಂದೆ ಒಂದು ಪರದೆ, ಪರದೆಯ ಆಚೆ ಅವನ ಹೆಂಡತಿ. ಬೀದಿಯವರ ಬಾಯಲ್ಲಿ ಅವಳು ದಾರದಕ್ಕ. ಅವಳು ಹೊಲಿಗೆ ಮೆಷಿನ್ನಿನ ಮುಂದೆ ಕೂತು ಕಿತ್ತುಹೋದ ಹೆಗಲುಪಟ್ಟಿ, ಹಿಡಿಕೆಯ ಪಟ್ಟಿ ಹೊಲಿಯುತ್ತಿದ್ದಳು. ಇವನ ಮಾತು, ಅವಳ ಮೆಷಿನ್ನು, ಎರಡೂ ಬೆಳಗಾದರೆ ಶುರು.

ಗಾಲಿಯಣ್ಣ ಸೂಟ್‌ಕೇಸು ರಿಪೇರಿ ಮಾಡುತ್ತಿದ್ದ ಅಂದರೆ ಅರ್ಧ ಹೇಳಿದಂತೆ. ಇನ್ನರ್ಧ, ಅವನು ಸೂಟ್‌ಕೇಸು ತುಂಬಿ ಕೊಡುತ್ತಿದ್ದ. ಅದನ್ನು ಯಾರೂ ಅವನಿಗೆ ಕಲಿಸಿದ್ದಲ್ಲ. ಹರಿದ ಪೆಟ್ಟಿಗೆ ನೂರಾರು ಬಿಚ್ಚಿ ನೋಡಿದವನಿಗೆ ಅದು ಯಾಕೆ ಹರಿಯಿತು ಅನ್ನುವುದು ತಾನಾಗಿ ಗೊತ್ತಾಗುತ್ತದೆ. ಹೊಲಿಗೆಯ ತಪ್ಪು ಕಡಿಮೆ, ತುಂಬಿದವರ ತಪ್ಪೇ ಹೆಚ್ಚು.

ಒಮ್ಮೆ ಹೊಸದಾಗಿ ಮದುವೆಯಾದ ಜೋಡಿಯೊಂದು ಬಾಯಿ ಬಿಟ್ಟ ಸೂಟ್‌ಕೇಸು ಹೊತ್ತು ಬಂತು.

“ಇವರು ಮೇಲೆ ಕೂತ್ರು ಅಣ್ಣ, ಅದಕ್ಕೇ ಜಿಪ್ಪು ಕಿತ್ತೋಯ್ತು,” ಅಂದಳು ಹುಡುಗಿ.

“ಕೂರದೆ ಮುಚ್ಚೋದು ಹೇಗೆ? ಇವಳು ಎಷ್ಟು ಚಪ್ಪಲಿ ಇಟ್ಟಿದಾಳೆ ಕೇಳಿ. ಜರಿಹುಳಕ್ಕೂ ಅಷ್ಟು ಬೇಕಾಗಲ್ಲ,” ಅಂದ ಹುಡುಗ.

ಗಾಲಿಯಣ್ಣ ಕನ್ನಡಕ ಏರಿಸಿದ. “ನೋಡಪ್ಪ, ಪೆಟ್ಟಿಗೆ ಮೇಲೆ ಕೂತು ಬಾಯಿ ಮುಚ್ಚಿಸೋನು, ಹೆಂಡತೀನ ಗದರಿಸಿ ಬಾಯಿ ಮುಚ್ಚಿಸೋನು, ಇಬ್ರೂ ಒಂದೇ. ಇವತ್ತು ಮುಚ್ಚುತ್ತೆ. ನಾಳೆ ನಡುಬೀದೀಲಿ ಕಿತ್ಕೊಳ್ಳುತ್ತೆ.”

ಪರದೆಯ ಹಿಂದೆ ಮೆಷಿನ್ನು ನಿಂತಿತು. “ಯಾರು ಹೇಳ್ತಿರೋದು ನೋಡಿ!” ಎಂಬ ದನಿ ಬಂತು. ಮತ್ತೆ ಮೆಷಿನ್ನು ಓಡಿತು. ಹುಡುಗಿ ನಕ್ಕಳು. ಗಾಲಿಯಣ್ಣನಿಗೆ ಕೇಳಿಸಲಿಲ್ಲ, ಅಥವಾ ಕೇಳಿಸದವನಂತೆ ಇದ್ದ.

ಜಿಪ್ಪು ಸರಿಯಾದ ಮೇಲೆ ಅವನು ಎಲ್ಲವನ್ನೂ ಚಾಪೆಯ ಮೇಲೆ ಸುರುವಿದ. ಚಪ್ಪಲಿ, ಬೂಟುಗಳನ್ನು ಬಟ್ಟೆಯಲ್ಲಿ ಸುತ್ತಿ ಗಾಲಿಯ ಕಡೆಗೆ ಇಟ್ಟ. ಬೂಟಿನ ಹೊಟ್ಟೆಯೊಳಗೆ ಕಾಲುಚೀಲ ತೂರಿಸಿದ. ಇಸ್ತ್ರಿ ಕೆಡಬಾರದ ಪ್ಯಾಂಟನ್ನು ಅಡ್ಡಲಾಗಿ ಹಾಸಿ, ಕಾಲುಗಳನ್ನು ಪೆಟ್ಟಿಗೆಯ ಹೊರಗೆ ಇಳಿಬಿಟ್ಟ. ಉಳಿದ ಬಟ್ಟೆಗಳನ್ನು ಸುರುಳಿ ಸುತ್ತಿ ಅದರ ಮೇಲೆ ಜೋಡಿಸಿದ. ಆಮೇಲೆ ಹೊರಗಿದ್ದ ಕಾಲುಗಳನ್ನು ಒಳಕ್ಕೆ ಮಡಚಿ ಹೊದಿಸಿದ. ಎಣ್ಣೆ ಸೀಸೆಯ ಬಾಯಿಗೆ ಪ್ಲಾಸ್ಟಿಕ್ ತುಂಡು ಇಟ್ಟು ಅದರ ಮೇಲೆ ಮುಚ್ಚಳ ತಿರುಗಿಸಿದ. ಹೋಗಿ ಇಳಿದ ಕೂಡಲೇ ಬೇಕಾಗುವ ಟವೆಲು, ಹಲ್ಲುಜ್ಜುವ ಬ್ರಷ್ಷು, ಒಂದು ಜೊತೆ ಬಟ್ಟೆ ಎಲ್ಲಕ್ಕಿಂತ ಮೇಲೆ ಕೂತವು. ಇಷ್ಟಾದರೂ ಒಂದು ಮೂಲೆ ಖಾಲಿ ಉಳಿಯಿತು.

“ಅಯ್ಯೋ, ಇನ್ನೂ ಜಾಗ ಇದೆ! ಮನೇಲಿ ಇನ್ನೊಂದು ಜೊತೆ ಚಪ್ಪಲಿ ಇತ್ತು...”

“ಇಲ್ಲಮ್ಮ. ಅದು ವಾಪಸ್ ಬರೋ ಜಾಗ. ಹೋದ ಕಡೆ ಏನೋ ಕೊಳ್ತೀರ, ಯಾರೋ ಏನೋ ಕೊಡ್ತಾರೆ. ತಿರುಗಿ ಬರೋರು ಮೂಲೆ ಬಿಟ್ಟು ಹೋಗ್ತಾರೆ. ಹೋದೂರಲ್ಲೇ ಇರೋರು ಕುತ್ತಿಗೆವರೆಗೆ ತುಂಬ್ಕೊಂಡು ಹೋಗ್ತಾರೆ. ಎಷ್ಟು ಪೆಟ್ಟಿಗೆ ನೋಡಿಲ್ಲ ನಾನು!”

ಇದು ಅವನ ದೊಡ್ಡ ಹೆಮ್ಮೆ. ಪೆಟ್ಟಿಗೆ ಬಿಚ್ಚಿದರೆ ಅದರ ಧಣಿಯ ಮನಸ್ಸು ಕಾಣುತ್ತದೆ ಎನ್ನುತ್ತಿದ್ದ. ಜಗಳ ಆಡಿ ಹೊರಟವರ ಬಟ್ಟೆ ಮಡಿಸಿರುವುದಿಲ್ಲ, ತುರುಕಿರುತ್ತದೆ. ಸಾವಿನ ಮನೆಗೆ ಹೊರಟವರು ಬಾಚಣಿಗೆ ಮರೆಯುತ್ತಾರೆ. ಬೇಸಿಗೆಯಲ್ಲಿ ಹೊರಟು ಸ್ವೆಟರು ಇಟ್ಟವರು ಚಳಿಗಾಲದವರೆಗೆ ಬರುವುದಿಲ್ಲ. ಕೇಳುವ ಕೆಲಸವೇ ಇಲ್ಲ, ನೋಡಿದರೆ ಸಾಕು. ಅವನು ಬಹಳ ಸಲ ಸರಿ ಹೇಳಿದ್ದೂ ಉಂಟು. ಆದ್ದರಿಂದ ಕೇಳುವ ಅಭ್ಯಾಸವೇ ಅವನಿಗೆ ಬಿಟ್ಟುಹೋಗಿತ್ತು.

ಇಷ್ಟೆಲ್ಲ ತಿಳಿದವನು ತಾನು ಮಾತ್ರ ಊರು ಬಿಟ್ಟು ಆಚೆ ಹೋದವನಲ್ಲ. “ಈಜು ಕಲಿಸೋನು ಕೊಳಕ್ಕೇ ಇಳಿದಿಲ್ಲ,” ಎಂದು ಪಕ್ಕದ ಚಹಾದವನು ಚುಚ್ಚುತ್ತಿದ್ದ. ಬಾಗಿಲು ಹಾಕಿದರೆ ಬೀದಿಯ ಗಾಲಿಗಳೆಲ್ಲ ನಿಂತುಹೋಗುತ್ತವೆ ಎಂಬುದು ಇವನ ಉತ್ತರ. ಹೆಂಡತಿ ಮಾತ್ರ ಆಗೊಮ್ಮೆ ಈಗೊಮ್ಮೆ ನೆಂಟರ ಮನೆಗೆ ಹೋಗಿ ಬರುತ್ತಿದ್ದಳು. ಅವಳ ಪೆಟ್ಟಿಗೆಯನ್ನು ಇವನೇ ತುಂಬುತ್ತಿದ್ದ. ಒಂದು ಮದುವೆಗೆ ನೀಲಿ ಶಾಲು ಬೇಕು ಅಂದುಕೊಂಡು ಹೋದವಳು, ಅಲ್ಲಿ ಬಿಚ್ಚಿ ನೋಡಿದರೆ ಬೂದಿ ಬಣ್ಣದ್ದು ಇತ್ತು. “ನೀಲಿದು ದಪ್ಪ, ಸುರುಳಿ ಚೆನ್ನಾಗಿ ಬರಲ್ಲ,” ಅಂದಿದ್ದ ಗಂಡ.

ದಾರದಕ್ಕ ದರ್ಜಿಯ ಮಗಳು. ಮದುವೆಯಾಗಿ ಬರುವಾಗ ಹೊಲಿಗೆ ಮೆಷಿನ್ನು ಜೊತೆಗೇ ಬಂದಿತ್ತು. ಟೇಪು ಹಿಡಿಯದೆ ಕಣ್ಣಳತೆಯಲ್ಲೇ ಬಟ್ಟೆ ಕತ್ತರಿಸಿ ಮೈಗೆ ಒಪ್ಪುವಂತೆ ಹೊಲಿಯುವ ಕೈ ಅವಳದು. ಮೊದಮೊದಲು ಅಂಗಡಿಯ ಮುಂಭಾಗದಲ್ಲಿ ಅವಳ ಹೊಲಿಗೆ, ಮೂಲೆಯಲ್ಲಿ ಇವನ ಗಾಲಿ. ಆಮೇಲೆ ಪಟ್ಟಿ ಹೊಲಿಯುವ ಕೆಲಸ ಹೆಚ್ಚಾಯಿತು. ದಪ್ಪ ಪಟ್ಟಿಗೆ ದಪ್ಪ ಸೂಜಿ ಬೇಕು, ದಪ್ಪ ದಾರ ಬೇಕು. ಅದಕ್ಕೆ ಹೊಂದಿಸಿದ ಮೆಷಿನ್ನಿನಲ್ಲಿ ತೆಳುಬಟ್ಟೆ ಇಟ್ಟರೆ ಸುಕ್ಕುಗಟ್ಟುತ್ತದೆ. ಬಟ್ಟೆ ಹೊಲಿಯುವುದನ್ನು ಬಿಡು ಎಂದು ಅವಳಿಗೆ ಯಾರೂ ಹೇಳಲಿಲ್ಲ. ಇಟ್ಟುಕೋ ಎಂದೂ ಯಾರೂ ಹೇಳಲಿಲ್ಲ. ಹೀಗೆ ಒಂದು ದಿನ ಅವಳು ಪರದೆಯ ಹಿಂದೆ ಇದ್ದಳು, ಅಷ್ಟೆ.

ಒಂದು ಬೇಸಿಗೆಯಲ್ಲಿ ಅವಳ ತಂಗಿಯ ಫೋನು ಬಂತು. ಕಡಲ ಕಡೆಯ ಊರಿನಲ್ಲಿ ಸಣ್ಣ ಹೊಲಿಗೆ ಅಂಗಡಿ ಇಟ್ಟುಕೊಂಡ ಒಂಟಿ ಹೆಂಗಸು ಅವಳು. ಮೆಟ್ಟಿಲು ಜಾರಿ ಬಲಗೈ ಮುರಿದುಕೊಂಡಿದ್ದಳು. ಶಾಲೆ ಮಕ್ಕಳ ಸಮವಸ್ತ್ರದ ಕೆಲಸ ಒಪ್ಪಿಕೊಂಡು ಕೂತಿದ್ದಳು, ಬಟ್ಟೆಯ ಥಾನುಗಳು ಬಂದು ಬಿದ್ದಿದ್ದವು.

“ಹೋಗ್ಬರ್ತೀನಿ,” ಅಂದಳು ದಾರದಕ್ಕ. “ಶಾಲೆ ಶುರುವಾಗೋವರೆಗೆ.”

“ಹೋಗ್ಬಾ. ಪಾಪ, ಒಂದು ಕೈಯಲ್ಲಿ ಅವಳು ಏನು ಮಾಡ್ತಾಳೆ,” ಎಂದು ಗಾಲಿಯಣ್ಣ ಅಟ್ಟದಿಂದ ಹಸಿರು ಸೂಟ್‌ಕೇಸು ಇಳಿಸಿ ಧೂಳು ಒರೆಸಿದ. ಗಾಲಿಗೆ ಎರಡು ಹನಿ ಎಣ್ಣೆ ಬಿಟ್ಟ. “ಏನೇನು ಬೇಕೋ ಮಂಚದ ಮೇಲೆ ಹಾಕು. ನಾನು ತುಂಬ್ತೀನಿ.”

“ಬೇಡ ರೀ. ಈ ಸಲ ನಾನೇ ತುಂಬ್ಕೋತೀನಿ.”

ಅವನು ಒರೆಸುವುದನ್ನು ನಿಲ್ಲಿಸಿದ. “ಯಾಕೆ?”

“ಯಾಕೆ ಅಂದ್ರೆ? ನನ್ನ ಪೆಟ್ಟಿಗೆ, ನಾನು ತುಂಬ್ಕೋತೀನಿ.”

ಅಡುಗೆಯವನಿಗೆ ನಿನ್ನ ಕೈಯೂಟ ಬೇಡ ಅಂದಂತಾಯಿತು. ಆ ದಿನ ಅವನು ಗಿರಾಕಿಯೊಬ್ಬನ ಹಿಡಿಕೆಯನ್ನು ತಲೆಕೆಳಗಾಗಿ ಕೂರಿಸಿಬಿಟ್ಟ.

ಹೊರಡುವುದಕ್ಕೆ ಹಿಂದಿನ ದಿನ ಮಧ್ಯಾಹ್ನ ಅವಳೇ ಸೂಟ್‌ಕೇಸನ್ನು ಹೇಗೋ ತಳ್ಳಿಕೊಂಡು ಬಂದು ಅಂಗಡಿಯಲ್ಲಿ ನಿಲ್ಲಿಸಿದಳು. “ರನ್ನರು ನಡುವೆ ಸಿಕ್ಕಾಕೊಂಡಿದೆ. ನೋಡಿ ಸ್ವಲ್ಪ. ನಾನು ಅಂಗಡಿ ಸಾಮಾನು ತರ್ತೀನಿ,” ಎಂದು ಚೀಲ ಹಿಡಿದು ಹೋದಳು.

ಜಿಪ್ಪು ನೋಡಬೇಕಾದರೆ ಪೆಟ್ಟಿಗೆ ಬಿಚ್ಚಲೇಬೇಕು. ಬಿಚ್ಚಿದ. ಒಳಗೆ ಕಂಡದ್ದನ್ನು ನೋಡಿ ಜಿಪ್ಪನ್ನೇ ಮರೆತ.

ಮೇಲೆಯೇ ಸ್ವೆಟರು. ಉರಿಬೇಸಿಗೆಯಲ್ಲಿ ಸ್ವೆಟರು! ಅದರ ಪಕ್ಕ ಅವಳ ದಿಂಬು. ಹಳೆಯ ಕನ್ನಡಕ, ಹೊಸ ಕನ್ನಡಕ, ಎರಡೂ. ಗೋಡೆಯ ಮೇಲಿದ್ದ ಅವಳ ಅಪ್ಪ ಅಮ್ಮನ ಫೋಟೋ, ಚೌಕಟ್ಟಿನ ಸಮೇತ. ಅವಳು ದಿನವೂ ಚಹಾ ಕುಡಿಯುವ ಲೋಟ. ತಳದಲ್ಲಿ ಬಟ್ಟೆಯ ತುಂಡಿನಲ್ಲಿ ಸುತ್ತಿಟ್ಟ, ಅವಳ ಅಪ್ಪ ಕೊಟ್ಟಿದ್ದ ದೊಡ್ಡ ಕತ್ತರಿ. ಪಟ್ಟಿ ಕತ್ತರಿಸುವುದಕ್ಕೆ ಅವಳು ಅದನ್ನು ಎಂದೂ ಕೊಟ್ಟವಳಲ್ಲ. ಮತ್ತೆ ಮೂಲೆ? ಮೂಲೆಯ ಮಾತೇ ಬೇಡ, ಒಂದು ಕರವಸ್ತ್ರ ತೂರಿಸಲೂ ಎಡೆಯಿರಲಿಲ್ಲ.

ಊರಿನವರ ಪೆಟ್ಟಿಗೆಗಳನ್ನೆಲ್ಲ ಓದಿದವನು ತನ್ನ ಮನೆಯ ಪೆಟ್ಟಿಗೆಯನ್ನೂ ಓದಿದ. ಇದು ಹೋಗಿ ಬರುವವಳ ಪೆಟ್ಟಿಗೆಯಲ್ಲ.

ಚಹಾದವನು ಲೋಟ ಹಿಡಿದು ಬಂದ. “ಏನಣ್ಣ, ಪೆಟ್ಟಿಗೆ ಒಳಗೆ ಹಾವು ಕಂಡೋನ ಥರ ನಿಂತಿದೀಯ?”

“ಏನಿಲ್ಲ. ಹೋಗು, ಹಾಲು ಉಕ್ತಾ ಇದೆ.”

“ಹಾಲೇ ಇಟ್ಟಿಲ್ಲ.”

“ಹಾಗಾದ್ರೆ ಹೋಗಿ ಇಡು.”

ಅವನು ಹೋದ ಮೇಲೆ ಗಾಲಿಯಣ್ಣ ಇಕ್ಕಳ ಕೈಗೆ ತೆಗೆದುಕೊಂಡ. ರನ್ನರಿನ ಒಂದು ಮಗ್ಗುಲು ಸ್ವಲ್ಪ ಅಗಲವಾಗಿತ್ತು, ಹಲ್ಲು ಕಚ್ಚುತ್ತಿರಲಿಲ್ಲ. ಇಕ್ಕಳದಿಂದ ಒತ್ತಿದರೆ ಮುಗಿಯಿತು. ಆದರೆ ಸ್ವಲ್ಪ ಹೆಚ್ಚು ಒತ್ತಿದರೆ? ಈಗ ಚೆನ್ನಾಗಿ ಓಡುತ್ತದೆ. ನಾಳೆ ಬಸ್ ನಿಲ್ದಾಣದಲ್ಲಿ ಎತ್ತಿ ಇಟ್ಟ ಕೂಡಲೇ ಬಿರಿಯುತ್ತದೆ, ಬಟ್ಟೆಬರೆ ನೆಲದ ಪಾಲಾಗುತ್ತದೆ, ಬಸ್ಸು ತಪ್ಪುತ್ತದೆ. ಯಾರೂ ಅವನನ್ನು ಅನುಮಾನಿಸುವುದಿಲ್ಲ. ಇಕ್ಕಳ ಹಿಡಿದ ಕೈ ಹಾಗೇ ನಿಂತಿತ್ತು. ಬೀದಿಯಲ್ಲಿ ಯಾರದೋ ಗಾಲಿ ಕಿರುಗುಟ್ಟುತ್ತಾ ಹೋಯಿತು, ಇವನು ಕೂಗಿ ಕರೆಯಲಿಲ್ಲ.

ಕೊನೆಗೆ ಅವನು ಹಳೆಯ ರನ್ನರನ್ನು ಕಿತ್ತೇ ಎಸೆದು, ಡಬ್ಬದಲ್ಲಿ ಹುಡುಕಿ ಇದ್ದುದರಲ್ಲಿ ಗಟ್ಟಿಯಾದದ್ದನ್ನು ಹಾಕಿದ. ಹಲ್ಲುಗಳ ಉದ್ದಕ್ಕೂ ಮೇಣದ ತುಂಡು ತಿಕ್ಕಿದ. ಬೆಣ್ಣೆಯ ಮೇಲೆ ಚಾಕು ಹೋದ ಹಾಗೆ ಹೋಯಿತು ರನ್ನರು.

ಸಂಜೆ ದಾರದಕ್ಕ ಪೆಟ್ಟಿಗೆಯನ್ನು ಎತ್ತಿ ನೋಡಿದಳು. ಅದು ನೆಲ ಬಿಡಲಿಲ್ಲ. ಎಳೆದು ನೋಡಿದಳು. ಒಂದು ಕಡೆಗೆ ವಾಲಿ ಧೊಪ್ಪನೆ ಬಿತ್ತು. ಅವಳು ಮಂಚದ ಮೇಲೆ ಕೂತು ನಗತೊಡಗಿದಳು.

“ನೀವು ತುಂಬಿ ತುಂಬಿ ನನಗೆ ತುಂಬೋದೇ ಬರಲ್ಲ ಕಣ್ರೀ. ಕಣ್ಣಿಗೆ ಬಿದ್ದಿದ್ದೆಲ್ಲ ಹಾಕಿದೆ. ಏನು ಬಿಟ್ರೆ ಏನು ಕೆಡುತ್ತೋ ಅಂತ ಭಯ.”

ಗಾಲಿಯಣ್ಣ ಬಾಗಿಲಿಗೆ ಒರಗಿ ನಿಂತಿದ್ದ. ಅವನಿಗೆ ನಗು ಬರಲಿಲ್ಲ. “ಸ್ವೆಟರು ಯಾಕೆ?”

“ಫೋಟೋ ಗಾಜು ಒಡೀಬಾರ್ದು ಅಂತ ಸುತ್ತೋಕೆ.”

“ಫೋಟೋ ಯಾಕೆ?”

“ಅವಳ ಹತ್ರ ಅಪ್ಪ ಅಮ್ಮನ ಫೋಟೋ ಒಂದೂ ಇಲ್ವಂತೆ. ಇದರದ್ದೇ ಒಂದು ಕಾಪಿ ತೆಗೆಸ್ಕೊಡಕ್ಕ ಅಂದಿದ್ಲು.”

“ದಿಂಬು?”

“ಬೇರೆ ದಿಂಬಲ್ಲಿ ಮಲಗಿದ್ರೆ ನನ್ನ ಕುತ್ತಿಗೆ ಹಿಡಿಯುತ್ತೆ. ಇಷ್ಟು ವರ್ಷ ಜೊತೆಗಿದೀರ, ಗೊತ್ತಿಲ್ವಾ? ಏನ್ರೀ ಇದು, ಪೊಲೀಸ್ ಕೇಳಿದ ಹಾಗೆ ಕೇಳ್ತೀರಲ್ಲ.”

ಒಂದೊಂದು ಉತ್ತರಕ್ಕೂ ಅವನ ಎದೆಯ ಮೇಲಿನ ಭಾರ ಒಂದೊಂದು ಹಿಡಿ ಇಳಿಯಿತು. ಓದಿದ್ದೆಲ್ಲ ತಪ್ಪು! ತಪ್ಪಾಗಿದ್ದಕ್ಕೆ ಅವನಿಗೆ ಇಷ್ಟು ಸಂತೋಷ ಎಂದೂ ಆಗಿರಲಿಲ್ಲ. ಆ ಸಂತೋಷದಲ್ಲೇ ಕೇಳಿದ, “ಸರಿ, ಕತ್ತರಿ? ಅಲ್ಲಿ ಕತ್ತರಿ ಇರಲ್ವಾ?”

ಅವಳು ಸೆರಗಿನ ಅಂಚಿನ ಒಂದು ಎಳೆ ಕಿತ್ತಳು.

“ಇರುತ್ತೆ. ಇದು ನನ್ನದು.”

ಅಷ್ಟೇ. ಇಷ್ಟು ವರ್ಷ ಯಾರನ್ನೂ ಏನನ್ನೂ ಕೇಳದೆ ಪೆಟ್ಟಿಗೆ ನೋಡಿಯೇ ತಿಳಿದುಕೊಂಡವನು, ಆವತ್ತು ಬಾಯಿ ಬಿಟ್ಟು ಕೇಳಿದ.

“ವಾಪಸ್ ಬರ್ತೀಯಲ್ಲ?”

“ಶಾಲೆ ಶುರುವಾಗೋವರೆಗೆ ಅಂದ್ನಲ್ಲ.”

“ಆಮೇಲೆ?”

ದಾರದಕ್ಕ ಅವನ ಮುಖ ನೋಡಿದಳು. “ಸುಳ್ಳು ಹೇಳ್ಲಾ, ನಿಜ ಹೇಳ್ಲಾ?”

“ಸುಳ್ಳಾದ್ರೆ ಈಗ್ಲೇ ಹೇಳ್ಬಿಡು, ನಿಜ ಆದ್ರೆ ಸ್ವಲ್ಪ ತಡಿ,” ಅಂದ. ಇಬ್ಬರಿಗೂ ನಗು ಬಂತು, ಬಂದಷ್ಟೇ ಬೇಗ ಹೋಯಿತು.

“ನಿಜಾನೇ ಹೇಳ್ತೀನಿ. ನಂಗೇ ಗೊತ್ತಿಲ್ಲ. ಬಟ್ಟೆ ಮುಟ್ಟಿ ಎಷ್ಟು ಕಾಲ ಆಯ್ತು? ಪಟ್ಟಿ ಹೊಲಿದೂ ಹೊಲಿದೂ ಬೆರಳು ಮರದ ತುಂಡಾಗಿದೆ. ಅಲ್ಲಿ ಹೋಗಿ ಕೂತ್ಮೇಲೆ ಮನಸ್ಸಿಗೆ ಏನನ್ನಿಸುತ್ತೋ. ನಿಮ್ಮ ಮೇಲೆ ಕೋಪ ಇಲ್ಲ. ಕೋಪ ಇದ್ದಿದ್ರೆ ಎಂದೋ ಒಂದು ಜಗಳ ಆಡಿ ಮುಗಿಸ್ತಿದ್ದೆ.”

ಗಾಲಿಯಣ್ಣ ಬಂದು ಸೂಟ್‌ಕೇಸನ್ನು ಮಂಚದ ಮೇಲೆ ಮಲಗಿಸಿ ಬಿಚ್ಚಿದ. “ಇಷ್ಟು ಭಾರ ಎಳೆದ್ರೆ ನಿನ್ನ ತೋಳು ಕಳಚುತ್ತೆ. ತಂಗಿಗೆ ಒಂದು ಕೈ ಇಲ್ಲ, ನಿನಗೆ ಎರಡೂ ಇಲ್ಲ ಅಂತಾಗುತ್ತೆ. ನಾನು ಜೋಡಿಸ್ಲಾ?”

“ನನ್ನ ನೀಲಿ ಶಾಲು ತೆಗೀಬಾರ್ದು.”

“ತೆಗೆಯಲ್ಲ.”

ಆ ಸಂಜೆ ಅವನು ಒಂದೊಂದು ವಸ್ತುವನ್ನೂ ಕೈಯಲ್ಲಿ ಹಿಡಿದು ಕೇಳಿದ. ಇದು ಬೇಕಾ? ಇದು ಮೇಲಾ, ಕೆಳಗಾ? ಅವಳು ಬೇಕು ಅಂದದ್ದು ಒಳಗೆ, ಬೇಡ ಅಂದದ್ದು ಹೊರಗೆ. ಫೋಟೋವನ್ನು ಸ್ವೆಟರಿನ ಬದಲು ದಿಂಬಿನ ಚೀಲದೊಳಗೆ ತೂರಿಸಿದ, ಸ್ವೆಟರು ಕಪಾಟಿಗೆ ಮರಳಿತು. ಲೋಟದ ಒಳಗೆ ದಾರದುಂಡೆಗಳು ಕೂತವು. ಕತ್ತರಿಯನ್ನು ಗಾಲಿಯ ಕಡೆ, ತುದಿ ಕೆಳಗೆ ಮಾಡಿ, ಎರಡು ಸುತ್ತು ಬಟ್ಟೆಯಲ್ಲಿ ಸುತ್ತಿ ತಾನೇ ಇಟ್ಟ. ಮೂಲೆಯ ಬಗ್ಗೆ ಅವನು ಮಾತೆತ್ತಲಿಲ್ಲ. ಅಲ್ಲಿ ನೀಲಿ ಶಾಲು ಕೂತಿತು.

ಬೆಳಿಗ್ಗೆ ಅವಳನ್ನು ಬಸ್ಸಿಗೆ ಹತ್ತಿಸಿ ಬಂದು ಅಂಗಡಿ ತೆರೆದ.

ಪಟ್ಟಿ ಹೊಲಿಯುವ ಕೆಲಸ ಬಾಕಿ ಬಿತ್ತು. ತಾನೇ ಮೆಷಿನ್ನಿಗೆ ಕೂತ. ಪೆಡಲು ತುಳಿದರೆ ಚಕ್ರ ಹಿಂದಕ್ಕೆ ತಿರುಗಿ ದಾರ ತುಂಡಾಯಿತು. ಮತ್ತೆ ಪೋಣಿಸಿದ, ಮತ್ತೆ ತುಂಡಾಯಿತು. ಬೆನ್ನು ಹಿಡಿಯಿತು. ಪರದೆಯ ಆಚೆ ಕೂತರೆ ಬೀದಿ ಕಾಣುವುದಿಲ್ಲ, ಗೋಡೆ ಮಾತ್ರ ಕಾಣುತ್ತದೆ ಎಂಬುದು ಅವನಿಗೆ ಆಗ ತಿಳಿಯಿತು. ಆ ಗೋಡೆಯಲ್ಲಿ ಕಿಟಕಿಯೂ ಇರಲಿಲ್ಲ.

ದಿನ ಬಿಟ್ಟು ದಿನ ಫೋನು ಬರುತ್ತಿತ್ತು. ಅವಳ ದನಿ ಎಳೆಯದಾದಂತೆ ಕೇಳುತ್ತಿತ್ತು. ಕಾಲರು ಹೇಗೆ ಕೂತಿತು, ಎಂಥ ತುಂಟ ಮಗು ಅಳತೆಗೆ ಬಂದಿತ್ತು, ಕಡಲ ಗಾಳಿಗೆ ಬಟ್ಟೆ ಹೇಗೆ ಒಣಗುತ್ತದೆ, ಹೀಗೆ ಮಾತು. ತಂಗಿಯ ಕೈಯ ಪ್ಲಾಸ್ಟರು ಬಿಚ್ಚಿದರು. ಶಾಲೆಗಳೂ ತೆರೆದವು. ತಡವಾಗಿ ಬಂದವರ ಬಟ್ಟೆ ಇನ್ನೂ ಇದೆ ಅಂದಳು. ಬರುವ ಮಾತು ಅವಳು ಆಡಲಿಲ್ಲ, ಇವನು ಕೇಳಲಿಲ್ಲ.

“ಹೋಗಿ ಕರ್ಕೊಂಡು ಬಾರಣ್ಣ,” ಅಂದ ಚಹಾದವನು.

“ಅವಳೇನು ಬಸ್ಸಲ್ಲಿ ಮರೆತು ಬಂದ ಛತ್ರೀನಾ, ಹೋಗಿ ತರೋಕೆ?”

“ಹಾಗಾದ್ರೆ ಇಲ್ಲೇ ಕೂತು ಗೋಡೆ ನೋಡು. ನಾನು ದಿನಾ ಒಂದು ಲೋಟ ಚಹಾ ತಂದು ಇಡ್ತೀನಿ, ಅದನ್ನೂ ನೋಡು.”

ಎರಡು ದಿನ ಬಿಟ್ಟು ಗಾಲಿಯಣ್ಣ ಮೆಷಿನ್ನಿನ ತಲೆಯನ್ನು ಸ್ಟ್ಯಾಂಡಿನಿಂದ ಬಿಚ್ಚಿ, ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಮೆಷಿನ್ ರಿಪೇರಿಯವನ ಹತ್ತಿರ ಹೋದ. ದಪ್ಪ ದಾರಕ್ಕೆ ಹೊಂದಿಸಿದ್ದನ್ನೆಲ್ಲ ತೆಗೆಸಿ, ಕೆಳದಾರದ ಉಂಡೆ ಕೂರುವ ಬಾಬಿನ್ ಕೇಸು ಹೊಸದು ಹಾಕಿಸಿ, ತೆಳುಬಟ್ಟೆಗೆ ಸರಿಯಾಗಿ ಬಿಗಿ ಮಾಡಿಸಿದ. ಪಟ್ಟಿ ಕೆಲಸವನ್ನು ಬೀದಿಯ ಕೊನೆಯಲ್ಲಿ ಕೂರುವ ಚಪ್ಪಲಿ ರಿಪೇರಿಯವನಿಗೆ ಒಪ್ಪಿಸಿದ. ಆಮೇಲೆ ಅಟ್ಟದಿಂದ ಇದ್ದುದರಲ್ಲಿ ಗಟ್ಟಿಯಾದ ಸೂಟ್‌ಕೇಸು ಇಳಿಸಿದ.

ಅವನು ಜೀವಮಾನದಲ್ಲಿ ತುಂಬಿದ ಪೆಟ್ಟಿಗೆಗಳಲ್ಲೆಲ್ಲ ಅದೇ ಕಷ್ಟದ್ದು. ಸೂಜಿ ಕಳಚಿ ಬೇರೆ ಇಟ್ಟ. ಬಟ್ಟೆ ಒತ್ತುವ ಪಾದದ ಕೆಳಗೆ ಮಡಿಸಿದ ತುಂಡು ಇಟ್ಟು ಇಳಿಸಿದ. ಕಬ್ಬಿಣದ ತಳ ಗಾಲಿಯ ಕಡೆಗೆ ಬರುವಂತೆ ಕೂರಿಸಿ, ಹಳೆಯ ಕಂಬಳಿ ಸುತ್ತಿ, ಕೈಚಕ್ರದ ಸುತ್ತ ತನ್ನ ಅಂಗಿಗಳ ಸುರುಳಿ ತುರುಕಿ, ಅಲುಗದಂತೆ ಎರಡು ಪಟ್ಟಿ ಬಿಗಿದ. ಅಲ್ಲಾಡಿಸಿ ನೋಡಿದ. ಕಮಕ್ ಕಿಮಕ್ ಅನ್ನಲಿಲ್ಲ.

ಚಹಾದವನು ಇಣುಕಿದ. “ಅಣ್ಣ, ಮೂಲೆ ಬಿಟ್ಟಿಲ್ವಲ್ಲ! ನೀನೂ ವಾಪಸ್ ಬರಲ್ವಾ?”

“ಸುಮ್ನಿರಪ್ಪ. ಆ ಮೂಲೆ ಶಾಸ್ತ್ರ ಹೇಳಿದೋನಿಗೆ ಬುದ್ಧಿ ಇರಲಿಲ್ಲ.”

ಬೀದಿಯ ಗಾಲಿಗಳನ್ನು ನಿಲ್ಲಿಸಿ ಗಾಲಿಯಣ್ಣ ಮೊದಲ ಸಲ ಊರು ಬಿಟ್ಟ. ಬಸ್ಸಿನವನು ಪೆಟ್ಟಿಗೆಯನ್ನು ಮೇಲೆ ಹಾಕುತ್ತೇನೆ ಅಂದರೆ ಒಪ್ಪದೆ, ದಾರಿಯುದ್ದಕ್ಕೂ ಎರಡು ಮೊಣಕಾಲ ನಡುವೆ ಇರಿಸಿಕೊಂಡು ಕೂತ. ಇಳಿಯುವ ಹೊತ್ತಿಗೆ ಕಾಲು ಜೋಮು ಹಿಡಿದಿತ್ತು.

ನಾದಿನಿ ಬಾಗಿಲಲ್ಲೇ ಸಿಕ್ಕಳು. ಎಡಗೈಯಲ್ಲಿ ಹಿಡಿಕೆ ಹಿಡಿದು ಎತ್ತಲು ಹೋದವಳು ಭಾರಕ್ಕೆ ಬೆಚ್ಚಿ ಕೈಬಿಟ್ಟಳು. “ಭಾವ! ಏನಿದು, ಯಾರದ್ದಾದ್ರೂ ಹೆಣ ತಂದಿದೀರಾ?”

ಒಳಗೆ ಎತ್ತರದ ಮೇಜಿನ ಮುಂದೆ ದಾರದಕ್ಕ ನಿಂತಿದ್ದಳು. ಕೊರಳಲ್ಲಿ ಟೇಪು. ಬೆಳಕಿನ ಕಿಟಕಿಯ ಕೆಳಗೆ ನೀಲಿ ಬಟ್ಟೆ ಹರಡಿತ್ತು, ಅವಳ ದೊಡ್ಡ ಕತ್ತರಿ ಅದರ ಮೇಲೆ ನೀರಿನಲ್ಲಿ ದೋಣಿ ಸಾಗಿದ ಹಾಗೆ ಸಾಗುತ್ತಿತ್ತು. ಅವಳ ಬೆನ್ನು ಇಷ್ಟು ನೇರ ಇರುವುದನ್ನು ಅವನು ಬಹಳ ಕಾಲದಿಂದ ನೋಡಿರಲಿಲ್ಲ. ತುಂಡು ಮುಗಿಯುವವರೆಗೆ ಕೂಗದೆ ನಿಂತ. ಅವಳು ತಲೆ ಎತ್ತಿದಳು.

“ಅಯ್ಯೋ, ನೀವಾ! ಏನಾಯ್ತು? ಅಂಗಡಿಗೇನಾದ್ರೂ ಆಯ್ತಾ?”

“ಅಂಗಡಿಗೆ ಬೀಗ ಹಾಕಿದೀನಿ.” ಅವನು ಪೆಟ್ಟಿಗೆ ಮಲಗಿಸಿ, ಪಟ್ಟಿ ಬಿಚ್ಚಿ, ಅಂಗಿಗಳನ್ನು ಎಳೆದು ಹಾಕಿ, ಕಂಬಳಿ ಸರಿಸಿದ. ಕಪ್ಪು ಮೆಷಿನ್ನು ಮಿರಮಿರ ಮಿಂಚಿತು. “ಬಟ್ಟೆ ಹೊಲಿಯೋ ಹಾಗೆ ಮಾಡಿಸಿದೀನಿ. ಪಟ್ಟಿ ಕೆಲಸ ಬೇರೆಯವರಿಗೆ ಕೊಟ್ಟೆ. ನೀನು ಇಲ್ಲೇ ಇರೋದಾದ್ರೆ, ನಿನ್ನ ಮೆಷಿನ್ನು ನಿನ್ನ ಹತ್ರಾನೇ ಇರ್ಲಿ. ಬರೋದಾದ್ರೆ...”

“ಬರೋದಾದ್ರೆ?”

“ಅದನ್ನ ಕೇಳೋಕೇ ಬಂದೆ.”

ದಾರದಕ್ಕ ನೆಲದ ಮೇಲೆ ಕೂತು ಸೂಜಿ ಹಾಕಿದಳು, ದಾರ ಪೋಣಿಸಿದಳು. ಬಟ್ಟೆಯ ಚೂರೊಂದನ್ನು ಇಟ್ಟು ಕೈಯಿಂದ ಚಕ್ರ ತಿರುಗಿಸಿದಳು. ಸಾಸಿವೆ ಸಾಲಿಟ್ಟ ಹಾಗೆ ಹೊಲಿಗೆ ಬಿತ್ತು. ಚೂರನ್ನು ಬೆಳಕಿಗೆ ಹಿಡಿದು ನೋಡಿದಳು, ಹಿಂದೆ ಮುಂದೆ ತಿರುಗಿಸಿದಳು. ಮೂಗು ಒರೆಸಿಕೊಂಡಳು.

“ಅಲ್ಲಾರೀ, ಇದನ್ನ ಮನೇಲೇ ಸರಿ ಮಾಡಿಸಿಟ್ಟು ಒಂದು ಫೋನ್ ಮಾಡಿದ್ರೆ ಆಗ್ತಿರಲಿಲ್ವಾ?”

ಗಾಲಿಯಣ್ಣ ಯೋಚಿಸಿದ. ಪ್ರಾಮಾಣಿಕವಾಗಿಯೇ ಯೋಚಿಸಿದ. “ಅದು ಹೊಳೀಲೇ ಇಲ್ಲ.”

ಅಕ್ಕ ತಂಗಿ ಇಬ್ಬರೂ ನಕ್ಕ ನಗುವಿಗೆ ಎದುರು ಮನೆಯವರು ಕಿಟಕಿಗೆ ಬಂದರು. “ನಮ್ಮ ಭಾವ ಒಬ್ಬರೇ ಕಣೇ ಅಕ್ಕ,” ಅಂದಳು ತಂಗಿ ಕಣ್ಣೊರೆಸುತ್ತಾ, “ನಾಲಿಗೇಲಿ ಹೇಳೋ ಮಾತನ್ನ ಪೆಟ್ಟಿಗೇಲಿ ಹಾಕಿ ತರೋರು.”

ನಗು ನಿಂತ ಮೇಲೆ ದಾರದಕ್ಕ ಹೇಳಿದಳು. “ಬರ್ತೀನಿ. ಆದ್ರೆ ಕೇಳಿ. ಅಂಗಡಿ ಮುಂಭಾಗದಲ್ಲಿ ನಾನು ಕೂರ್ತೀನಿ, ಬೆಳಕಿಗೆ. ನೀವು ಪರದೆ ಹಿಂದೆ. ವರ್ಷ ವರ್ಷ ಸಮವಸ್ತ್ರದ ಕಾಲಕ್ಕೆ ಇಲ್ಲಿಗೆ ಬರ್ತೀನಿ. ಆಗ ಮುಖ ಊದಿಸ್ಕೊಂಡು ಕೂರಬಾರ್ದು.”

“ಹಿಂದೆ ಕೂತ್ರೆ ಬೀದಿ ಗಾಲಿ ಸದ್ದು ಕೇಳಿಸಲ್ಲ ಕಣೇ.”

“ಕೇಳಿಸುತ್ತೆ. ನಾನು ಅಲ್ಲಿ ಕೂತು ಎಲ್ಲಾ ಕೇಳಿಸ್ಕೊಂಡಿಲ್ವಾ?”

“ಗೋಡೆಗೆ ಒಂದು ಕಿಟಕಿ ಒಡೆಸ್ತೀನಿ,” ಅಂದ. “ಅದಕ್ಕಾದ್ರೂ ಒಪ್ತೀಯಾ?”

“ಅಷ್ಟು ಮೊದಲೇ ಮಾಡಿಸಿದ್ರೆ ಬಸ್ಸಿನ ಧೂಳು ಕುಡಿಯೋದು ತಪ್ತಿತ್ತು,” ಎಂದು ಅವಳು ಎದ್ದು ಕತ್ತರಿ ಕೈಗೆ ತೆಗೆದುಕೊಂಡಳು. “ಒಪ್ಪಿದೆ.”

ಉಳಿದ ಬಟ್ಟೆ ಮುಗಿಯುವವರೆಗೆ ಅವನೂ ಅಲ್ಲೇ ಉಳಿದ. ಸುಮ್ಮನೆ ಕೂರುವುದು ಅವನ ಮೈಗೆ ಒಗ್ಗದು. ಗುಂಡಿ ಹಚ್ಚುವ ಕೆಲಸ ಕೊಟ್ಟರು. ಕನ್ನಡಕ ಮೂಗಿನ ತುದಿಗೆ ಇಳಿಸಿ ಬಹಳ ಹೊತ್ತು ಕೂತು, ಮೊದಲನೆಯ ಅಂಗಿಯ ಗುಂಡಿಯನ್ನು ಎರಡು ಮಗ್ಗುಲೂ ಸೇರಿಸಿ ಭದ್ರವಾಗಿ ಹೊಲಿದುಬಿಟ್ಟ.

ನಾದಿನಿ ಅಂಗಿಯನ್ನು ಎಳೆದು ನೋಡಿದಳು. “ಭಾವ, ಇದು ಮುಚ್ಚಿ ಬೀಗ ಹಾಕೋ ಪೆಟ್ಟಿಗೆ ಅಲ್ಲ. ಮಗು ಇದರೊಳಗೆ ಹೋಗ್ಬೇಕು, ಮತ್ತೆ ಹೊರಗೂ ಬರ್ಬೇಕು.”

ದಾರದಕ್ಕ ಅವನ ಪಕ್ಕ ಕೂತು ಬ್ಲೇಡಿನ ತುದಿಯಿಂದ ಒಂದೊಂದೇ ದಾರ ಬಿಡಿಸಿದಳು. ಗುಂಡಿಯ ಕೆಳಗೆ ಬೆಂಕಿಕಡ್ಡಿಯೊಂದನ್ನು ಇಟ್ಟು ಹೊಲಿಯಬೇಕು, ಆಮೇಲೆ ಕಡ್ಡಿ ತೆಗೆದರೆ ಗುಂಡಿಗೆ ಉಸಿರಾಡುವಷ್ಟು ಸಡಿಲ ಉಳಿಯುತ್ತದೆ ಎಂದು ತೋರಿಸಿದಳು. ಅವನು ತಲೆ ಬಗ್ಗಿಸಿ ಹಾಗೆಯೇ ಹೊಲಿದ. ಅವಳು ಗುಂಡಿಯನ್ನು ಕಾಜಿನೊಳಗೆ ಹಾಕಿದಳು, ತೆಗೆದಳು, ಇನ್ನೊಮ್ಮೆ ಹಾಕಿದಳು.

“ಪರವಾಗಿಲ್ಲ, ನಿಲ್ಲುತ್ತೆ,” ಎಂದು ಮುಂದಿನ ಅಂಗಿಯನ್ನು ಅವನ ತೊಡೆಯ ಮೇಲೆ ಹಾಕಿದಳು.